ಎರಡು ಮಳೆಗಳ ಊರು

ಬಾದಾಮಿ ತಾಲ್ಲೂಕಿನ ಅಂಚಿನಲ್ಲಿ, ಮಲಪ್ರಭೆಯ ದಂಡೆಯ ಮೇಲೆ ನಮ್ಮೂರಿದೆ. ಹೊಳೆಆಲೂರಿನಿಂದ ಪಟ್ಟದಕಲ್ಲಿನ ಕಡೆಗೆ ಹೊಳೆ ಹರಿದುಹೋಗುವ ದಾರಿಯಲ್ಲಿ ಇಂಥ ಊರುಗಳು ಹಲವಾರಿವೆ. ಒಂದು ಅಗಸಿ, ಒಂದು ಹನುಮಪ್ಪನ ಗುಡಿ, ಒಂದು ಕನ್ನಡ ಸಾಲಿ, ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲು, ಮಣ್ಣಿನ ಮಾಳಿಗೆಯ ಮನೆಗಳು. ಬಸ್ಸಿನಲ್ಲಿ ಹಾದುಹೋಗುವವರಿಗೆ ಒಂದೂರಿಗೂ ಇನ್ನೊಂದೂರಿಗೂ ವ್ಯತ್ಯಾಸವೇ ಕಾಣಿಸದು. ಆದರೆ ಭೂಗೋಳ ಕಲಿಯುವ ಮಕ್ಕಳಿಗೆ ಇಂಥ ಒಂದೊಂದು ಊರೂ ಒಂದೊಂದು ಪಾಠಶಾಲೆಯೇ ಸರಿ.

ಧಾರವಾಡದಲ್ಲಿ ಒಂಬತ್ತನೆಯ ತರಗತಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ‘ನಮ್ಮ ಊರಿನ ಭೌಗೋಳಿಕ ಲಕ್ಷಣ ಮತ್ತು ಹವಾಮಾನ’ ಎಂಬ ವಿಷಯದ ಮೇಲೆ ಎರಡು ಪುಟ ಬರೆದು ತರಲು ಹೇಳಿದ್ದರು. ‘ನಮ್ಮ ಊರು ಕಡಿಮೆ ಮಳೆ ಬೀಳುವ ಬಯಲುಸೀಮೆಯಲ್ಲಿದೆ’ ಎಂದು ಅವಳು ಮೊದಲ ಸಾಲು ಬರೆದಳು. ‘ನಮ್ಮ ಊರು ನೆರೆಗೆ ತುತ್ತಾಗುವ ಪ್ರದೇಶದಲ್ಲಿದೆ’ ಎಂದು ಎರಡನೆಯ ಸಾಲು ಬರೆದಳು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು: “ಅಪ್ಪಾ, ಮಳಿನ ಕಡಿಮಿ ಅಂದ್ರ ನೆರಿ ಎಲ್ಲಿಂದ ಬರ್ತೈತಿ? ಎರಡೂ ಖರೆ ಹೆಂಗಾಗ್ತದ?”

ಪ್ರಶ್ನೆ ಚಿಕ್ಕದಲ್ಲ. ಹತ್ತು ವರ್ಷಗಳ ಅಂತರದಲ್ಲಿ ನಮ್ಮ ಮನೆಗೆ ಎರಡು ಸಲ ನೀರು ನುಗ್ಗಿದೆ. ಹಳೆಯ ಊರಿನಲ್ಲಿಯೇ ಇರುವುದೋ, ದಿಬ್ಬದ ಮೇಲಿನ ಹೊಸ ಊರಿಗೆ ಹೋಗುವುದೋ ಎಂಬ ಮಾತು ನಮ್ಮ ಮನೆಯಲ್ಲಿ ಇಂದಿಗೂ ನಿಂತಿಲ್ಲ. ಮಗಳ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಮಾತ್ರ ಆ ಮಾತಿಗೂ ಒಂದು ದಾರಿ ಸಿಕ್ಕೀತು.

ನಮ್ಮೂರಿಗೆ ಎರಡು ಮಳೆಗಳಿವೆ. ಒಂದು ನಮ್ಮ ತಲೆಯ ಮೇಲಿನ ಆಕಾಶದಿಂದ ಬೀಳುವುದು. ಇನ್ನೊಂದು ಬೇರೆಲ್ಲೋ ಬಿದ್ದು, ಹೊಳೆಯ ಮೂಲಕ ನಡೆದು ಬರುವುದು.

ಎರಡನೆಯದರ ಮೂಲ ಖಾನಾಪುರ ತಾಲ್ಲೂಕಿನ ಕಣಕುಂಬಿ. ಸಹ್ಯಾದ್ರಿಯ ನೆತ್ತಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ಆ ನೆತ್ತಿಯ ಒಂದು ಬದಿಗೆ ಬಿದ್ದ ಹನಿ ಮಹದಾಯಿಯನ್ನು ಸೇರಿ, ಗೋವೆಯನ್ನು ಹಾದು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದ ಹನಿ ಮಲಪ್ರಭೆಯಾಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ದೂರದ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಕಣಕುಂಬಿಯ ಸುತ್ತ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಬಾದಾಮಿಯ ಕಡೆ ಬೀಳುವುದು ಆರುನೂರಕ್ಕೂ ಕಡಿಮೆ. ನಕಾಶೆ ತೆರೆದು ನೋಡಿದರೆ ಈ ಎರಡೂ ಸ್ಥಳಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ನೇರ ಗೆರೆ ಎಳೆದರೆ ನಡುವಿನ ದೂರ ನೂರೈವತ್ತು ಕಿಲೋಮೀಟರಿನ ಆಸುಪಾಸು. ಅಷ್ಟರೊಳಗೆ ಮಳೆ ಐದನೇ ಒಂದು ಪಾಲಿಗೂ ಕೆಳಗಿಳಿಯುತ್ತದೆ.

ಕಾರಣವನ್ನು ಮಕ್ಕಳು ಪಠ್ಯಪುಸ್ತಕದಲ್ಲಿ ಓದಿರುತ್ತಾರೆ. ಅರಬ್ಬೀ ಸಮುದ್ರದ ಮೇಲಿನಿಂದ ಬರುವ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು, ಹೊತ್ತು ತಂದ ನೀರನ್ನೆಲ್ಲ ಅಲ್ಲಿಯೇ ಸುರಿಸಿಬಿಡುತ್ತದೆ. ಬೆಟ್ಟ ದಾಟಿ ಕೆಳಗಿಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಹೀಗೆ ಬೆಟ್ಟದ ಮರೆಯಲ್ಲಿ ಉಳಿದ ನಾಡು ಮಳೆಯ ನೆರಳಿನ ನಾಡು. ನಮ್ಮೂರು ಆ ನೆರಳಿನಲ್ಲಿದೆ.

ಈ ಮಿಲಿಮೀಟರಿನ ಲೆಕ್ಕ ಎಷ್ಟೋ ಮಕ್ಕಳಿಗೆ ಬರಿಯ ಅಂಕಿಯಾಗಿ ಉಳಿದುಬಿಡುತ್ತದೆ. ಒಂದು ಚದರ ಮೀಟರ್ ಅಂಗಳದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಸರಿಯಾಗಿ ಒಂದು ಲೀಟರ್ ನೀರು. ಒಂದು ಎಕರೆಗೆ ಅದೇ ಒಂದು ಮಿಲಿಮೀಟರ್ ಎಂದರೆ ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಹೀಗೆ ಲೆಕ್ಕ ಹಾಕಿದರೆ ನಮ್ಮ ಕಡಿಮೆ ಮಳೆಯೂ ಕಡಿಮೆಯೇನಲ್ಲ. ಕಷ್ಟವಿರುವುದು ಅದು ಬರುವ ಹೊತ್ತಿನಲ್ಲಿ.

ಘಟ್ಟದಲ್ಲಿ ಮಳೆಯ ಜೋರು ಜುಲೈ ತಿಂಗಳಿನಲ್ಲಿ. ಆಗ ನಮ್ಮೂರಿನಲ್ಲಿ ಆಷಾಢದ ಗಾಳಿ. ನೈಋತ್ಯದಿಂದ ಬೀಸುವ ಆ ಗಾಳಿಗೆ ಮಕ್ಕಳು ಪಟ ಹಾರಿಸುತ್ತಾರೆ, ದೊಡ್ಡವರು ಮುಖ ಮೇಲೆ ಮಾಡಿ ಓಡುವ ಮೋಡಗಳನ್ನು ನೋಡುತ್ತಾರೆ. ಮೋಡ ನಿಲ್ಲುವುದಿಲ್ಲ. ನಾಲ್ಕು ಹನಿ ಉದುರಿಸಿ ಪೂರ್ವಕ್ಕೆ ಹೋಗಿಬಿಡುತ್ತದೆ. ಗದಗ ಜಿಲ್ಲೆಯ ಗುಡ್ಡಗಳ ಮೇಲೆ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಇಂಥ ಗಾಳಿಯನ್ನು ನಂಬಿಯೇ. ನಮ್ಮದೇ ಆಕಾಶದ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ. ಊರ ಹಿರಿಯರು ತಿಂಗಳ ಹೆಸರು ಹೇಳುವುದಿಲ್ಲ. ಅವರ ಲೆಕ್ಕ ನಕ್ಷತ್ರಗಳದ್ದು. ಒಂದೊಂದು ನಕ್ಷತ್ರದ ಮಳೆಗೆ ಹದಿಮೂರು ಹದಿನಾಲ್ಕು ದಿನ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎಂಬ ಗಾದೆ ಎಲ್ಲರ ಬಾಯಲ್ಲಿದ್ದರೂ, ಎರೆಯ ಹೊಲದವರು ನಿಜವಾಗಿ ಕಾಯುವುದು ಹುಬ್ಬ, ಉತ್ತರಿ, ಹಸ್ತ, ಚಿತ್ತಿಗಳಿಗೆ.

ಹೊಲಗಳೂ ಒಂದೇ ತರದವಲ್ಲ. ಗುಡ್ಡದ ಬುಡದಲ್ಲಿ ಮಸಾರಿ, ಅಂದರೆ ಕೆಂಪು ನೆಲ. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳನ್ನು ಚಾಲುಕ್ಯರು ಯಾವ ಮರಳುಗಲ್ಲಿನಲ್ಲಿ ಕಡೆದರೋ ಅದೇ ಕಲ್ಲಿನ ಗುಡ್ಡಗಳು ನಮ್ಮ ಸುತ್ತಲೂ ಇವೆ. ಆ ಕಲ್ಲು ಸವೆದು ಆದ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಮಳೆ ಬಂದ ಕೂಡಲೇ ಬಿತ್ತಬೇಕು. ಸಜ್ಜೆ, ಹೆಸರು, ಶೇಂಗಾ ಅಲ್ಲಿಯ ಬೆಳೆಗಳು. ಹೊಳೆಯ ಕಡೆಗೆ ಇಳಿದಂತೆ ಎರೆ ಭೂಮಿ. ಈ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಸ್ತ ಚಿತ್ತಿಯಲ್ಲಿ ಹೊಟ್ಟೆ ತುಂಬ ಕುಡಿದರೆ, ಮುಂದೆ ಮೂರು ತಿಂಗಳು ಮಳೆಯೇ ಇಲ್ಲದಿದ್ದರೂ ಹಿಂಗಾರಿ ಜೋಳ, ಕಡಲೆ, ಕುಸುಬೆಗಳನ್ನು ಸಾಕುತ್ತದೆ. ಚಳಿಗಾಲದ ಇಬ್ಬನಿಯೂ ಆ ಬೆಳೆಗಳಿಗೆ ಬಲ. ಕಡಲೆ ಗಿಡದ ಎಲೆಗಳ ಮೇಲೆ ಹುಳಿಯೊಂದು ಒಸರುತ್ತದೆ. ನಸುಕಿನಲ್ಲಿ ಬಿಳಿ ಅರಿವೆಯನ್ನು ಗಿಡಗಳ ಮೇಲೆ ಎಳೆದು, ಇಬ್ಬನಿಯೊಡನೆ ಆ ಹುಳಿಯನ್ನು ಹಿಂಡಿ ಬಾಟಲಿಯಲ್ಲಿ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಹೊಟ್ಟೆನೋವಿಗೆ ಅವ್ವನ ಔಷಧ ಇಂದಿಗೂ ಅದೇ.

ಮನೆಗಳನ್ನು ನೋಡಿಯೂ ಹವಾಮಾನ ಹೇಳಬಹುದು. ಖಾನಾಪುರದ ಕಡೆ ಇಳಿಜಾರು ಹೆಂಚಿನ ಮನೆಗಳು, ನೀರು ನಿಲ್ಲದೆ ಜಾರಿಹೋಗಲಿ ಎಂದು. ನಮ್ಮಲ್ಲಿ ದಪ್ಪ ಗೋಡೆ, ಮೇಲೆ ಸಮತಟ್ಟಾದ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋದರೂ ಒಳಗೆ ತಂಪು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಮಳೆಗಾಲಕ್ಕೆ ಮುಂಚೆ ಸವುಳು ಮಣ್ಣು ತಂದು ಮಾಳಿಗೆಯ ಮೇಲೆ ಹರಡುತ್ತಾರೆ. ನೀರು ತಾಗಿದರೆ ಅದು ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ಬಿಟ್ಟು ಬಿಟ್ಟು ಬರುವ ಮಳೆಗೆ ಇಷ್ಟು ಸಾಕು. ಎಡೆಬಿಡದೆ ಸುರಿಯುವ ಮಳೆಗೆ ಸಾಲದು.

ಸಾಲದು ಎಂಬುದು ಗೊತ್ತಾದದ್ದು 2009ರಲ್ಲಿ. ಆ ವರ್ಷ ದಸರೆ ಸೆಪ್ಟೆಂಬರ್ ಕೊನೆಗೆ ಬಂದಿತ್ತು. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅಂದ ಬೆನ್ನಿಗೇ ಹಸ್ತ ಮಳೆ ಹಿಡಿಯಿತು. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆಯೇ ಮಳೆ ಸುರಿಸಿತು. ಹೊಳೆಯ ನೀರು ಊರೊಳಗೆ ಬರುವ ಮೊದಲೇ ಮಾಳಿಗೆಗಳು ನೀರು ಕುಡಿದು ಭಾರವಾಗಿ ಕುಸಿಯತೊಡಗಿದವು. ಅದರ ಹಿಂದೆಯೇ ಬೆಣ್ಣೆಹಳ್ಳ ಬಂದಿತು. ಹೆಸರು ಬೆಣ್ಣೆಯಾದರೂ ಇದು ಧಾರವಾಡ ಸೀಮೆಯ ಎರೆ ಬಯಲಿನ ನೀರನ್ನೆಲ್ಲ ಬಳಿದುಕೊಂಡು, ರೋಣದ ಕಡೆ ಮಲಪ್ರಭೆಯನ್ನು ಸೇರುವ ದೊಡ್ಡ ಹಳ್ಳ. ಅಣೆಕಟ್ಟಿನ ಕೆಳಗೆ ಕೂಡುವುದರಿಂದ ಇದನ್ನು ತಡೆಯುವ ಬಾಗಿಲು ಯಾವುದೂ ಇಲ್ಲ. ಆ ನೆರೆ ಬಂದದ್ದು ನಮ್ಮದೇ ಸೀಮೆಯ ಆಕಾಶದಿಂದ.

2019ರದ್ದು ಬೇರೆ ಕಥೆ. ಆಗಸ್ಟ್ ತಿಂಗಳು, ನಾಗರಪಂಚಮಿಯ ವಾರ. ತಂಗಿ ತವರಿಗೆ ಬಂದಿದ್ದಳು. ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು, ಡಬ್ಬಿಯಲ್ಲಿ ಉಂಡಿಗಳಿದ್ದವು. ಮಸಾರಿ ಹೊಲದಲ್ಲಿ ಹೆಸರು ಬಾಡುತ್ತಿತ್ತು. ನಮ್ಮಲ್ಲಿ ಹದವಾದ ಒಂದು ಮಳೆಯೂ ಆಗಿರಲಿಲ್ಲ. ಆದರೆ ಖಾನಾಪುರದ ಕಾಡಿನಲ್ಲಿ ಹಗಲು ರಾತ್ರಿ ಸುರಿಯುತ್ತಿತ್ತು. ಅಣೆಕಟ್ಟು ತುಂಬಿತು, ಬಾಗಿಲುಗಳು ತೆರೆದವು. ಡಂಗುರ ಸಾರಿದಾಗ ಬಿಸಿಲಿತ್ತು. ಬಿಸಿಲಿನಲ್ಲಿ ನಿಂತು ನೆರೆ ಬರುತ್ತದೆ ಎಂದರೆ ಯಾರು ನಂಬುತ್ತಾರೆ? ಮರುದಿನ ಅಗಸಿಯ ಕಟ್ಟೆ ಮುಳುಗಿತ್ತು. ಅಣ್ಣ ಎತ್ತುಗಳನ್ನು ಹೊಡೆದುಕೊಂಡು ದಿಬ್ಬ ಹತ್ತಿದ. ಜೋಳದ ಹಗೇವಿನೊಳಕ್ಕೆ ನೀರು ಹೊಕ್ಕು ಕಾಳೆಲ್ಲ ಕೊಳೆಯಿತು. ಪಟ್ಟದಕಲ್ಲಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯ ಗುಡಿಗಳ ಅಂಗಳದೊಳಗೆ ಹೊಳೆ ನಿಂತಿತು.

ನವಿಲುತೀರ್ಥದ ಅಣೆಕಟ್ಟಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಸವದತ್ತಿಯ ಬಳಿ ಹೊಳೆ ಗುಡ್ಡವನ್ನು ಸೀಳಿಕೊಂಡು ಹೋಗುವ ಇಕ್ಕಟ್ಟಾದ ಕಣಿವೆಗೆ ಅಡ್ಡವಾಗಿ 1970ರ ದಶಕದ ಆರಂಭದಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಇದು. ಇದರ ಸಾಮರ್ಥ್ಯ 37.73 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಪತ್ರಿಕೆಗಳಲ್ಲಿ ಬರುವ ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಪೂರ್ತಿ ಹರಿದು ಬಂದರೆ ಎಂಟೂವರೆ ಟಿ.ಎಂ.ಸಿ. ದಾಟುತ್ತದೆ. ಅಂಥ ನಾಲ್ಕೈದು ದಿನ ಬಂದರೆ ಬರಿದಾದ ಅಣೆಕಟ್ಟೂ ತುಂಬುತ್ತದೆ. ಮೊದಲೇ ತುಂಬಿದ್ದರೆ ಬಂದಷ್ಟನ್ನೂ ಕೆಳಗೆ ಬಿಡದೆ ಗತಿಯಿಲ್ಲ. ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬೇಕು. ಆಗ ಸುದ್ದಿಯ ಅಂಕಿಗಳು ಅರ್ಥವಾಗುತ್ತವೆ.

ಅಣೆಕಟ್ಟಿನ ನೀರಿನಿಂದ ನರಗುಂದ, ನವಲಗುಂದ, ಸವದತ್ತಿ ಕಡೆಯ ಹೊಲಗಳು ಹಸಿರಾಗಿವೆ. ಹುಬ್ಬಳ್ಳಿ ಧಾರವಾಡದ ನಲ್ಲಿಗಳಲ್ಲಿ ಬರುವುದೂ ಮಲಪ್ರಭೆಯೇ. ನನ್ನ ಮಗಳು ಅಲ್ಲಿ ಕುಡಿಯುವುದು ಅವಳ ಅಜ್ಜಿಯ ಊರಿನ ಹೊಳೆಯನ್ನೇ. ಆದರೆ ದಂಡೆಯ ಊರುಗಳಲ್ಲಿ ಬೇಸಿಗೆಯಲ್ಲಿ ಹೊಳೆ ಬತ್ತಿ, ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಹೊಳೆ ಸುಮ್ಮನೆ ಇದ್ದಷ್ಟು ದಿನ ಅದರ ಪಾತ್ರದೊಳಗೆ ಬಳ್ಳಾರಿ ಜಾಲಿ ಬೆಳೆಯುತ್ತದೆ. ಹೊಲದ ಬದು ವರ್ಷಕ್ಕೊಂದು ಮಾರು ಒಳಗೆ ಸರಿಯುತ್ತದೆ. ನೀರು ಬಂದಾಗ ಅದಕ್ಕೆ ದಾರಿ ಇರುವುದಿಲ್ಲ. ನಮ್ಮ ಕಡೆ ನೆಲದ ಇಳಿಜಾರೂ ಕಡಿಮೆ. ಕಣಕುಂಬಿಯಿಂದ ಕೂಡಲಸಂಗಮದವರೆಗೆ ಹೊಳೆಯ ಹಾದಿ ಸುಮಾರು 300 ಕಿಲೋಮೀಟರ್. ಆಲಮಟ್ಟಿ ಜಲಾಶಯ ತುಂಬಿದಾಗ ಸಂಗಮದ ಬಳಿ ನೀರಿನ ಮಟ್ಟ 519.60 ಮೀಟರ್. ಅಂದರೆ ಅಷ್ಟು ದೂರಕ್ಕೆ ಇಳಿತ 270 ಮೀಟರ್ ಮಾತ್ರ, ಕಿಲೋಮೀಟರಿಗೆ ಒಂದು ಮೀಟರೂ ಬೀಳುವುದಿಲ್ಲ. ಅದರಲ್ಲೂ ಹೆಚ್ಚಿನ ಇಳಿತ ಘಟ್ಟದ ಕಡೆಯೇ ಆಗಿಹೋಗಿರುತ್ತದೆ. ಹೀಗಾಗಿ ನಮ್ಮಲ್ಲಿ ಏರಿದ ನೀರು ಓಡಿಹೋಗದೆ ಹರಡಿಕೊಂಡು ನಿಲ್ಲುತ್ತದೆ.

2009ರ ನೆರೆಯ ಮೇಲೆ ಊರಿನಿಂದ ಎರಡು ಕಿಲೋಮೀಟರ್ ಆಚೆ, ದಿಬ್ಬದ ಮೇಲೆ ಹೊಸ ಮನೆಗಳಾದವು. ಅಣ್ಣನಿಗೂ ಒಂದು ಮನೆ ಸಿಕ್ಕಿತು. 2019ರ ನಂತರ ಅವನು ಹಟ ಹಿಡಿದ. “ಇನ್ನ ಸಾಕವ್ವಾ. ಎಲ್ಲಾರೂ ಮ್ಯಾಲ ಹೋಗೂಣು. ಮೂರನೇ ಸಲ ನಿನ್ನ ಹೊತ್ಕೊಂಡು ಓಡಾಕ ನನ್ನ ಕಡಿ ಆಗೂದಿಲ್ಲ” ಎಂದ.

ಎಪ್ಪತ್ತೈದು ದಾಟಿದ ಅವ್ವ ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ. “ಇಲ್ಲಿ ನೆರಿ ಹತ್ತು ವರ್ಷಕ್ಕೊಮ್ಮಿ ಬರ್ತೈತಿ ತಮ್ಮಾ. ಅಲ್ಲಿ ನೀರಿನ ತ್ರಾಸ ದಿನಾ ಐತಿ. ಎಮ್ಮಿ ಎಲ್ಲಿ ಕಟ್ಟಲಿ? ಹೊಲಕ್ಕ ಬುತ್ತಿ ಹೆಂಗ ತರಲಿ?”

ಇಬ್ಬರದೂ ಸರಿಯೇ. ದಿಬ್ಬದ ಮೇಲೆ ಬೋರಿಗೆ ನೀರಿಲ್ಲ. ಕಾಂಕ್ರೀಟಿನ ಚಿಕ್ಕ ಮನೆ ಬೇಸಿಗೆಯಲ್ಲಿ ಕಾಯ್ದ ಹಂಚಿನಂತೆ. ದನಕ್ಕೆ ಜಾಗವಿಲ್ಲ. ಆದರೆ ಕೆಳಗಿನ ಮನೆಯಲ್ಲಿ ಜೀವಕ್ಕೇ ಭರವಸೆಯಿಲ್ಲ. ಊರಿನ ಎಷ್ಟೋ ಮನೆಗಳಲ್ಲಿ ಇದೇ ವಾದ ತಾಯಿ ಮಕ್ಕಳ ನಡುವೆ, ಅಣ್ಣ ತಮ್ಮಂದಿರ ನಡುವೆ ನಡೆದಿದೆ. ಕೆಲವರು ಮಾತು ಬಿಟ್ಟದ್ದೂ ಉಂಟು.

ನಮ್ಮ ಮನೆಯಲ್ಲಿ ದಾರಿ ತೋರಿಸಿದವಳು ಅವ್ವನೇ. ಒಂದು ಸಂಜೆ ಅವಳು ಬೆರಳು ಮಡಚಿ ಮಳೆಗಳನ್ನು ಎಣಿಸಿದಳು. ಘಟ್ಟದ ಮಳೆ ಎಷ್ಟೇ ಜೋರಿದ್ದರೂ ಅಣೆಕಟ್ಟು ತುಂಬಬೇಕಾದರೆ ಪಂಚಮಿ ಹತ್ತಿರ ಬರಬೇಕು. ಅದಕ್ಕೂ ಮುಂಚೆ ಹೊಳೆಯ ಹೆದರಿಕೆ ಕಡಿಮೆ. ನಮ್ಮ ಕಡೆಯ ದೊಡ್ಡ ಮಳೆ ಚಿತ್ತಿ, ಸ್ವಾತಿಗೆ ಮುಗಿಯುತ್ತದೆ. ದೀಪಾವಳಿಯ ಹೊತ್ತಿಗೆ ಬೆಣ್ಣೆಹಳ್ಳವೂ ಇಳಿಯುತ್ತದೆ. “ಪಂಚಮಿಗಿಂತ ಮೊದ್ಲ ಮ್ಯಾಲ ಹೋಗ್ತೀನಿ. ದೀಪಾವಳಿಗೆ ಕೆಳಗ ಬರ್ತೀನಿ. ಹಿಂಗಾರಿ ಪೀಕು ಕಾಯಾಕ, ಬ್ಯಾಸಿಗಿ ಕಳ್ಯಾಕ ಕೆಳಗಿನ ಮನಿ. ನೆರಿ ದಿನಕ್ಕ ಮ್ಯಾಲಿನ ಮನಿ. ಕಾಳು ಕಡಿ, ಕಾಗದ ಪತ್ರ ವರ್ಷಾನೂ ಮ್ಯಾಲ ಇರ್ಲಿ” ಎಂದಳು. ಅಣ್ಣ ಒಪ್ಪಿದ. ಈಗ ನಮ್ಮ ಮನೆಯಲ್ಲಿ ಹಾಗೆಯೇ ನಡೆದಿದೆ. ಇದೇ ಕೊನೆಯ ಪರಿಹಾರವೆಂದು ನಾನು ಹೇಳಲಾರೆ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಮಳೆಗಳು ಅವಳ ಬೆರಳಿನ ಲೆಕ್ಕಕ್ಕೆ ಎಷ್ಟು ದಿನ ಸಿಕ್ಕಾವೋ! ಆದರೆ ಶಾಲೆಗೆ ಹೋಗದ ನಮ್ಮವ್ವ ಊರಿನ ಭೂಗೋಳವನ್ನು ಬದುಕಿಗೆ ಹೊಂದಿಸಿದ ಬಗೆ ಯಾವ ಪಾಠಕ್ಕೂ ಕಡಿಮೆಯದಲ್ಲ.

ಅವಳ ಬಳಿ ಇನ್ನೊಂದು ಗುರುತೂ ಇದೆ. ಹೊಸ ನೀರು ಕೆಂಪಾಗಿದ್ದರೆ ಘಟ್ಟದ್ದು, ಕಪ್ಪಾಗಿದ್ದರೆ ಬೆಣ್ಣೆಹಳ್ಳದ್ದು ಎನ್ನುತ್ತಾಳೆ. ಅಣೆಕಟ್ಟಾದ ಮೇಲೆ ಘಟ್ಟದ ಕೆಂಪು ಮಣ್ಣು ಅಲ್ಲಿಯೇ ತಳದಲ್ಲಿ ಕೂಡುವುದರಿಂದ ಮೊದಲಿನ ಕೆಂಪು ಈಗಿಲ್ಲವಂತೆ. ಕಪ್ಪು ಮಾತ್ರ ಹಾಗೆಯೇ ಇದೆ.

ವಿದ್ಯಾರ್ಥಿಗಳಿಗೆ, ಅವರ ತಂದೆ ತಾಯಿಗಳಿಗೆ ನನ್ನದೊಂದು ಬಿನ್ನಹ. ನಿಮ್ಮ ಊರಿನ ಹವಾಮಾನವನ್ನು ಗೈಡಿನಿಂದ ನಕಲು ಮಾಡಬೇಡಿ. ನೇರ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಪ್ರತಿ ಮುಂಜಾನೆ ಅದೇ ಹೊತ್ತಿಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆಯಿರಿ. ಎಷ್ಟು ಮಿಲಿಮೀಟರ್ ನೀರು ನಿಂತಿದೆಯೋ ಅಷ್ಟು ಮಿಲಿಮೀಟರ್ ಮಳೆ. ಅದನ್ನು ಒಂದು ವಹಿಯಲ್ಲಿ ಬರೆದಿಡಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಮಳೆಮಾಪಕಗಳಿವೆ. ಅಲ್ಲಿಯ ಲೆಕ್ಕದೊಂದಿಗೆ ನಿಮ್ಮದನ್ನು ಹೋಲಿಸಿ ನೋಡಿ. ನಿಮ್ಮ ಊರಿನ ಹೊಳೆ ಅಥವಾ ಹಳ್ಳ ಎಲ್ಲಿ ಹುಟ್ಟುತ್ತದೆ, ನಡುವೆ ಯಾವ ಹಳ್ಳಗಳು ಕೂಡುತ್ತವೆ, ಅಲ್ಲಿ ಯಾವ ತಿಂಗಳು ಮಳೆ ಹೆಚ್ಚು ಎಂಬುದನ್ನು ನಕಾಶೆಯ ಮೇಲೆ ಗುರುತು ಹಾಕಿ. ಹಿರಿಯರನ್ನು ಕೇಳಿ, ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ತಿಳಿದುಕೊಂಡು, ಶಾಲೆಯ ಗೋಡೆಗೋ ಅಗಸಿಗೋ ವರ್ಷ ಬರೆದು ಒಂದು ಗೆರೆ ಎಳೆಯಿರಿ. ಹೊಸ ಮನೆ ಕಟ್ಟುವವರು ಪಾಯ ತೋಡುವ ಮುಂಚೆ ಆ ಗೆರೆಯನ್ನು ನೋಡಲಿ.

ನಮ್ಮೂರಿನ ಅಗಸಿಯ ಕಲ್ಲಿನ ಮೇಲೆ ಈಗ ಅಂಥ ಎರಡು ಗೆರೆಗಳಿವೆ. ಕನ್ನಡ ಸಾಲಿಯ ಮಕ್ಕಳು ಎಳೆದದ್ದು. 2009ರ ಗೆರೆಯ ಪಕ್ಕದಲ್ಲಿ ‘ನಮ್ಮ ಮಳಿ’ ಎಂದಿದೆ, 2019ರ ಪಕ್ಕದಲ್ಲಿ ‘ಹೊಳಿ ಮಳಿ’ ಎಂದಿದೆ. ಸುಣ್ಣದಲ್ಲಿ ಬರೆದ ಅಕ್ಷರಗಳು ಮಳೆಗೆ ಮಸುಕಾಗುತ್ತವೆ. ಪ್ರತಿ ವರ್ಷ ಪಂಚಮಿಗೆ ಮುಂಚೆ ಮಕ್ಕಳು ಅವನ್ನು ಮತ್ತೆ ತೀಡುತ್ತಾರೆ.